ಹೈದರಾಬಾದಿನಿಂದ ಮಲ್ಪೆಗೆ 72,000 ಕಿಲೋಮೀಟರು!

ಹೈದರಾಬಾದಿನ ಬೇಗಂ ಬಜಾರಿನ ಮೀನು ಮಾರುಕಟ್ಟೆಯಿಂದ ಕಡಲು ಎಷ್ಟು ದೂರ? ನೇರ ಗೆರೆ ಎಳೆದರೂ 250 ಕಿಲೋಮೀಟರಿಗೆ ಕಡಿಮೆಯಿಲ್ಲ. ಮೇಲಾಗಿ ಹೈದರಾಬಾದು ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿ. ಅಲೆಯ ಸದ್ದೇ ಕೇಳದ ಇದೇ ಊರಿನಿಂದ ಮಂಗಳೂರು, ಮಲ್ಪೆ, ಕಾರವಾರದ ಬೋಟುಗಳಿಗೆ ಮೀನು ಎಲ್ಲಿ ಸಿಕ್ಕೀತು ಎಂಬ ಸೂಚನೆ ಹೋಗುತ್ತದೆ, ಅದೂ ಕನ್ನಡದಲ್ಲಿ! ಕಳಿಸುವುದು 1999ರಲ್ಲಿ ಶುರುವಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್. ಸೂಚನೆಯಲ್ಲಿ ದಿಕ್ಕು, ದೂರ, ಆಳ, ಅಕ್ಷಾಂಶ, ರೇಖಾಂಶ ಎಲ್ಲವೂ ಇರುತ್ತವೆ. ಆ ಅಂಕಿಗಳನ್ನು ಬಲೆಯ ಮೀನಾಗಿಸಲು ಬೋಟಿನಲ್ಲಿ ಎರಡು ಸಾಮಾನು ಬೇಕು: ಅಡಿಯಲ್ಲಿ ಸದ್ದು ಕಳಿಸಿ ಅದರ ಪ್ರತಿಧ್ವನಿ ಹಿಡಿಯುವ ಫಿಶ್ ಫೈಂಡರಿನ ಟ್ರಾನ್ಸ್‌ಡ್ಯೂಸರ್, ಮೇಲೆ ಜಿಪಿಎಸ್ ಆ್ಯಂಟೆನಾ. ನೋಡಲು ಪುಟ್ಟವು. ಲೆಕ್ಕಕ್ಕೆ ಕೂತರೆ ಮೂಗಿನ ಮೇಲೆ ಬೆರಳಿಡಬೇಕು.

ಮೊದಲು ಕೆಳಗಿನದು. ಬೇಗಂ ಬಜಾರಿನಿಂದ ಮೂಸಿ ನದಿ ದಾಟಿದರೆ ಸಿಗುವ ಚಾರ್ಮಿನಾರಿನ ಎತ್ತರ ಸುಮಾರು 56 ಮೀಟರ್. ಅದನ್ನು ಹಾಗೇ ಎತ್ತಿ 56 ಮೀಟರ್ ಆಳದ ಕಡಲಲ್ಲಿ ನಿಲ್ಲಿಸಿದರೆ ಮಿನಾರುಗಳ ತುದಿ ನೀರಿನ ಮಟ್ಟಕ್ಕೆ ಬರುತ್ತದೆ. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಬೋಟಿನಡಿಯಿಂದ ಹೊರಟ ಸದ್ದು ಚಾರ್ಮಿನಾರಿನ ಬುಡ ಮುಟ್ಟಿ ವಾಪಸು ಬರಲು ತಗಲುವುದು 0.075 ಸೆಕೆಂಡು. ನೀವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ನಾಲ್ಕು ಸಲ ಹೋಗಿ ಬಂದಿರುತ್ತದೆ! ಅದೂ ಎಂಥ ಸದ್ದು? 200 ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ 2 ಲಕ್ಷ ಕಂಪನ, ಮನುಷ್ಯನ ಕಿವಿಗೆ ಎಟಕುವ ಮಿತಿಯ ಹತ್ತು ಪಟ್ಟು.

ಕೊಳ್ಳುವವರು ಯೋಚಿಸಬೇಕಾದ್ದು ಇಲ್ಲೇ. ಸದ್ದು ಕೆಳಗಿಳಿಯುತ್ತ ಹರಡಿಕೊಳ್ಳುತ್ತದೆ. 200 ಕಿಲೋಹರ್ಟ್ಸಿನ ಟ್ರಾನ್ಸ್‌ಡ್ಯೂಸರ್ 20 ಡಿಗ್ರಿಯಷ್ಟು ಹರಡಿದರೆ, 100 ಮೀಟರ್ ಆಳದಲ್ಲಿ ಅದಕ್ಕೆ ಕಾಣುವುದು 35 ಮೀಟರ್ ಅಡ್ಡಳತೆಯ ವೃತ್ತ, ಅಂದರೆ ಹತ್ತು ಗುಂಟೆಗೂ ತುಸು ಕಡಿಮೆ. 50 ಕಿಲೋಹರ್ಟ್ಸಿನದು 45 ಡಿಗ್ರಿ ಹರಡಿದರೆ ಅದೇ ಆಳದಲ್ಲಿ 83 ಮೀಟರ್ ವೃತ್ತ: ಒಂದು ಎಕರೆ 13 ಗುಂಟೆ! ಅಂಗೈಯಗಲದ ಸಾಮಾನು ಒಂದೇ ಏಟಿಗೆ ಎಕರೆಗೂ ಮಿಕ್ಕ ಕಡಲತಳವನ್ನು ನೋಡಿಬಿಡುತ್ತದೆ. ಅಷ್ಟು ಅಗಲ ನೋಡುವುದು ಸೂಕ್ಷ್ಮವಾಗಿ ನೋಡಲಾರದು ಎಂಬುದೂ ನಿಜ, ಹಾಗಾಗಿ ಆಳಸಮುದ್ರದ ಬೋಟಿಗೆ ಎರಡೂ ಇರುವ ಯಂತ್ರವೇ ಮೇಲು. ಆದರೆ ಕೂರಿಸುವಾಗ 10 ಡಿಗ್ರಿ ವಾರೆಯಾಯಿತೋ, 100 ಮೀಟರ್ ಆಳದಲ್ಲಿ ನೋಟ ಸುಮಾರು 18 ಮೀಟರ್ ಆಚೆ ಬೀಳುತ್ತದೆ. ಮೀನು ಅಲ್ಲಿ, ಬೋಟು ಇಲ್ಲಿ. ಪರದೆ ಎಷ್ಟು ಇಂಚಿನದು ಎಂದು ಹತ್ತು ಅಂಗಡಿ ಸುತ್ತುವ ಬದಲು, ಪ್ರೊಪೆಲ್ಲರಿನ ಗುಳ್ಳೆಗಳು ತಾಗದ ಜಾಗ ಹುಡುಕಿ ಟ್ರಾನ್ಸ್‌ಡ್ಯೂಸರನ್ನು ನೆಟ್ಟಗೆ ಕೂರಿಸಲು ಅರ್ಧ ದಿನ ಹೆಚ್ಚು ಕೊಡಿ ಎಂದೇ ನಾನು ಹೇಳುವುದು.

ಇನ್ನು ಮೇಲಿನದು. ಆಕಾಶ ಚೆನ್ನಾಗಿ ಕಾಣಲೆಂದು ಆ್ಯಂಟೆನಾವನ್ನು 10 ಮೀಟರ್ ಕಂಬದ ತುದಿಗೆ ಏರಿಸಿದಿರಿ ಎನ್ನಿ. ಬೋಟು ಎಡಕ್ಕೂ ಬಲಕ್ಕೂ 20 ಡಿಗ್ರಿ ಓಲಿದರೆ ತುದಿ ಸುಮಾರು 7 ಮೀಟರ್ ಅಡ್ಡಾಡುತ್ತದೆ. 6 ಸೆಕೆಂಡಿಗೊಂದು ಓಲಾಟವಾದರೆ ದಿನಕ್ಕೆ 200 ಕಿಲೋಮೀಟರ್! ಲಂಗರು ಹಾಕಿ ನಿಂತ ಬೋಟಿನ ಆ್ಯಂಟೆನಾ ದಿನ ತುಂಬುವುದರೊಳಗೆ ಮಂಗಳೂರಿನಿಂದ ಮಲ್ಪೆಗೆ ಹೋಗಿ ಬರುವಷ್ಟು ದೂರ ಸವೆಸಿರುತ್ತದೆ. 3 ಮೀಟರ್ ಎತ್ತರದ ಕ್ಯಾಬಿನ್ ಮಾಡಿನ ಮೇಲಿಟ್ಟರೆ ಆ ಏಳು ಮೀಟರ್ ಎರಡಕ್ಕೆ ಇಳಿಯುತ್ತದೆ.

ಆ ಆ್ಯಂಟೆನಾಕ್ಕೆ ಸಂಕೇತ ಬರುವುದು 20,200 ಕಿಲೋಮೀಟರ್ ಮೇಲಿನಿಂದ, ಭೂಮಿಗೆ ಅರ್ಧ ಸುತ್ತು ಹಾಕಿದಷ್ಟು ದೂರ. ಉಪಗ್ರಹ ನೆತ್ತಿಯ ಮೇಲಿದ್ದರೆ ತಗಲುವ ಹೊತ್ತು 0.067 ಸೆಕೆಂಡು. ಚಾರ್ಮಿನಾರಿನ ಬುಡ ಮುಟ್ಟಿ ಬರಲು ಸದ್ದಿಗೆ 0.075 ಸೆಕೆಂಡು ಬೇಕಿತ್ತಲ್ಲ? ಕಾಲಡಿಯ 56 ಮೀಟರಿನ ಸುದ್ದಿಗಿಂತ ಆಕಾಶದ 20,200 ಕಿಲೋಮೀಟರಿನ ಸುದ್ದಿ ಮೊದಲು ಬರುತ್ತದೆ! ಈ ಲೆಕ್ಕವನ್ನು ಎಷ್ಟು ಸಲ ಹಾಕಿದರೂ ನನ್ನ ಬೆರಗು ಇಳಿದಿಲ್ಲ.

ಇದಕ್ಕೂ ದೊಡ್ಡದಿದೆ. ದಡದಿಂದ ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ಅದಕ್ಕೆಂದೇ 2019ರಲ್ಲಿ ‘ಜೆಮಿನಿ’ ಎಂಬ ಸಾಧನ ಬಂತು. ಇನ್‌ಕಾಯಿಸ್ ಸೂಚನೆ ಬೆಂಗಳೂರಿನ ಮೂಲಕ 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹಾರಿ, ಅಲ್ಲಿಂದ ಅಷ್ಟೇ ದೂರ ಇಳಿದು ಬೋಟಿಗೆ ತಲುಪುತ್ತದೆ. ಹೈದರಾಬಾದಿಗೂ ಮಲ್ಪೆಗೂ ನೇರ ದೂರ ಸುಮಾರು 600 ಕಿಲೋಮೀಟರ್. ಸುದ್ದಿ ಪಯಣಿಸುವುದು 72,000: ನೂರಿಪ್ಪತ್ತು ಪಟ್ಟು ಬಳಸು ದಾರಿ, ಹೆಚ್ಚುಕಡಿಮೆ ಭೂಮಿಗೆ ಎರಡು ಪ್ರದಕ್ಷಿಣೆ. ಆಕಾಶದ ಆ ದಾರಿಗೆ ಕಾಲು ಸೆಕೆಂಡೂ ಬೇಡ.

ಮತ್ತೆ ಜಿಪಿಎಸ್‌ಗೆ ಬರೋಣ. ಅದರ ಒಂದೊಂದು ಉಪಗ್ರಹದ ವೇಗ ಗಂಟೆಗೆ ಸುಮಾರು 14,000 ಕಿಲೋಮೀಟರ್. ವರ್ಷಕ್ಕೆ 12 ಕೋಟಿ ಕಿಲೋಮೀಟರ್, ಸೂರ್ಯನತ್ತ ಹೊರಟಿದ್ದರೆ ಐದರಲ್ಲಿ ನಾಲ್ಕು ಪಾಲು ದಾರಿ ಮುಗಿದಿರುತ್ತಿತ್ತು. ಅಷ್ಟು ದೂರದಲ್ಲಿ, ಅಷ್ಟು ರಭಸದಲ್ಲಿ ಓಡುತ್ತಲೇ ಅವು ಬೋಟಿನ ಜಾಗವನ್ನು ಐದು ಮೀಟರಿನ ಆಸುಪಾಸಿಗೆ ಹೇಳುತ್ತವೆ. 20,200 ಕಿಲೋಮೀಟರಿನಲ್ಲಿ 5 ಮೀಟರ್ ಎಂದರೆ 40 ಲಕ್ಷದಲ್ಲಿ ಒಂದು ಪಾಲು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ 3,200 ಕಿಲೋಮೀಟರನ್ನು ಒಂದು ಮೀಟರೂ ತಪ್ಪದೆ ಅಳೆದ ಹಾಗೆ!

ಆದರೆ ಆ ಸಂಕೇತ ಬೋಟು ಸೇರುವಾಗ ಎಷ್ಟು ಕ್ಷೀಣ! ಒಂದು ವಾಟಿನ ನೂರು ಕೋಟಿ ಕೋಟಿಯಲ್ಲಿ ಒಂದು ಪಾಲು. ಒಂದೇ ಒಂದು ವಾಟ್ ಕೂಡಿಸಲು ಭೂಮಿಯ 800 ಕೋಟಿ ಜನರೂ ತಲಾ ಹನ್ನೆರಡೂವರೆ ಲಕ್ಷ ಆ್ಯಂಟೆನಾ ಹಿಡಿದು ನಿಲ್ಲಬೇಕು. ಅದಕ್ಕೇ ಆ್ಯಂಟೆನಾದ ಮೇಲೆ ತಗಡು ಬರಬಾರದು, ಪಕ್ಕದಲ್ಲಿ ಕಬ್ಬಿಣದ ಕಂಬ ಅಡ್ಡ ನಿಲ್ಲಬಾರದು. ರಾಡಾರ್ ಇರುವ ಬೋಟಾದರೆ ಆ್ಯಂಟೆನಾವನ್ನು ಅದರ ಕಿರಣದ ದಾರಿಯಿಂದ ತಪ್ಪಿಸಿಯೇ ಕೂರಿಸಬೇಕು. ಸಣ್ಣ ರಾಡಾರಿನ ಒಂದು ಮಿಡಿತವೂ 4,000 ವಾಟ್, ಆ ಸಂಕೇತದ ಎಷ್ಟು ಪಟ್ಟು ಎಂದು ಬರೆಯಲು 4ರ ಮುಂದೆ 19 ಸೊನ್ನೆ ಬೇಕು. ಅವೆರಡೂ ಒಂದೇ ಕ್ಯಾಬಿನ್ನಿನ ಮೇಲೆ, ಕೆಲವೇ ಅಡಿ ಅಂತರದಲ್ಲಿ ಕೆಲಸ ಮಾಡುತ್ತವೆ!