ರೂರ್ಕಿಯ ವಿದ್ಯಾಪೀಠ: ನೀರಿನ ಪಾಠ, ನೆಲನಡುಕದ ಪಾಠ

ಸಾಮಾನ್ಯವಾಗಿ ವಿದ್ಯಾಲಯವು ಮೊದಲು ಸ್ಥಾಪಿತವಾಗಿ, ಅಲ್ಲಿ ವ್ಯಾಸಂಗ ಮಾಡಿದವರು ಹೊರಬಂದ ಮೇಲೆ ಸೇತುವೆ, ಕಾಲುವೆ, ಕಟ್ಟಡಗಳನ್ನು ನಿರ್ಮಿಸುವುದು ಲೋಕದ ವಾಡಿಕೆ. ಹರಿದ್ವಾರದ ನೈರುತ್ಯಕ್ಕೆ, ಶಿವಾಲಿಕ ಬೆಟ್ಟಗಳ ಕೆಳಗಣ ಬಯಲಿನಲ್ಲಿರುವ ರೂರ್ಕಿಯಲ್ಲಿ ಮಾತ್ರ ಈ ಕ್ರಮವು ತಿರುವುಮುರುವಾಯಿತು. ಅಲ್ಲಿ ಮೊದಲು ಕಾಲುವೆಯ ಅಗೆತ ಆರಂಭವಾಯಿತು. ಅಳತೆ, ಮಟ್ಟ, ನಕ್ಷೆಗಳನ್ನು ಬಲ್ಲ ಕೆಲಸಗಾರರು ಸಾಲದೆ ಬಂದಾಗ, ಆ ಕಾಲುವೆಯ ಕೆಲಸದ ಮಗ್ಗುಲಲ್ಲಿಯೇ 1847ರಲ್ಲಿ ಪಾಠಶಾಲೆಯೊಂದು ಹುಟ್ಟಿಕೊಂಡಿತು. ಅದೇ 1854ರಲ್ಲಿ ಥಾಮಸನ್ ಸಿವಿಲ್ ಎಂಜಿನಿಯರಿಂಗ್ ಕಾಲೇಜಾಗಿ, 1949ರಲ್ಲಿ ರೂರ್ಕಿ ವಿಶ್ವವಿದ್ಯಾಲಯವಾಗಿ, 2001ರಲ್ಲಿ ಭಾರತೀಯ ತಂತ್ರಜ್ಞಾನ ಸಂಸ್ಥೆಯಾಗಿ ರೂಪಾಂತರ ಹೊಂದಿ, 2022ರಲ್ಲಿ 175 ವರ್ಷಗಳನ್ನು ಪೂರೈಸಿತು. ಇಷ್ಟು ದೀರ್ಘವಾದ ಅವಧಿಯಲ್ಲಿ ಹೆಸರುಗಳು ಬದಲಾದರೂ, ಸಂಸ್ಥೆಯು ಜ್ಞಾನವನ್ನು ಸಂಪಾದಿಸಿದ ಮಾರ್ಗವು ಬದಲಾಗಲಿಲ್ಲವೆಂಬುದು ಅದರ ಚರಿತ್ರೆಯನ್ನು ಪರಿಶೀಲಿಸಿದವರಿಗೆ ವಿದಿತವಾಗುವುದು. ಕಟ್ಟಿದ್ದು ಎಲ್ಲಿ ಕುಸಿಯಿತೋ, ಹರಿಸಿದ್ದು ಎಲ್ಲಿ ಕೊರೆಯಿತೋ, ಅಲ್ಲಿಯೇ ಅದರ ಮುಂದಿನ ಪಾಠ ಮೊದಲಾಯಿತು.

ಮೊದಲನೆಯ ಪಾಠವನ್ನು ಕಲಿಸಿದ್ದು ಕ್ಷಾಮ. 1837–38ರಲ್ಲಿ ಗಂಗಾ ಯಮುನೆಗಳ ನಡುವಣ ಅಂತರ್ವೇದಿಯಲ್ಲಿ ಮಳೆ ತಪ್ಪಿ, ಸುಮಾರು 8 ಲಕ್ಷ ಜನರು ಅನ್ನವಿಲ್ಲದೆ ಸತ್ತರೆಂದು ಅಂದಾಜು. ಎರಡು ಮಹಾನದಿಗಳು ಎಡಬಲಗಳಲ್ಲಿ ತುಂಬಿ ಹರಿಯುತ್ತಿರುವಾಗ ನಡುವಿನ ನೆಲವು ಬಿರಿದು ಬಾಯ್ದೆರೆದುದನ್ನು ಕಂಡ ಮೇಲೆ, ಗಂಗೆಯ ನೀರನ್ನು ಹರಿದ್ವಾರದ ಬಳಿಯಲ್ಲಿಯೇ ತಿರುಗಿಸಿ ಒಳನಾಡಿಗೆ ಒಯ್ಯಬೇಕೆಂಬ ಯೋಚನೆಗೆ ಬಲ ಬಂದಿತು. ಅದನ್ನು ರೂಪಿಸಿದವನು ಪ್ರೋಬಿ ಕಾಟ್ಲಿ. ಬಂಗಾಳದ ಫಿರಂಗಿ ದಳದ ಅಧಿಕಾರಿಯಾದ ಅವನು ಈ ವಿದ್ಯೆಯನ್ನು ಹೆಚ್ಚಾಗಿ ಕೆಲಸದಲ್ಲಿಯೇ ಕಲಿತವನು. 1842ರಲ್ಲಿ ಅಗೆತ ಮೊದಲಾಗಿ, 1854ರ ಏಪ್ರಿಲ್ 8ರಂದು ಕಾಲುವೆಗೆ ನೀರು ಬಿಡಲಾಯಿತು.

ಹರಿದ್ವಾರದಿಂದ ರೂರ್ಕಿಯವರೆಗಿನ ಭಾಗವೇ ಈ ಕಾರ್ಯದಲ್ಲಿ ಅತ್ಯಂತ ಕಠಿಣವಾದದ್ದು. ಬೇಸಗೆಯಲ್ಲಿ ಬರಿಯ ಮರಳಾಗಿ ಬಿದ್ದಿದ್ದು, ಮಳೆಗಾಲದಲ್ಲಿ ಬೆಟ್ಟದಿಂದ ಉಕ್ಕಿ ಬರುವ ನಾಲ್ಕು ಹಳ್ಳಗಳು ಕಾಲುವೆಯ ಹಾದಿಗೆ ಅಡ್ಡಲಾಗಿ ಹರಿಯುತ್ತವೆ. ರಾಣಿಪುರ, ಪಥರಿ ಎಂಬ ಎರಡು ಹಳ್ಳಗಳ ತಳವು ಕಾಲುವೆಗಿಂತ ಎತ್ತರದಲ್ಲಿದ್ದುದರಿಂದ ಅವನ್ನು ಕಟ್ಟಡದ ಮೂಲಕ ಕಾಲುವೆಯ ಮೇಲೆಯೇ ದಾಟಿಸಲಾಯಿತು. ಧನೌರಿಯ ಬಳಿ ರತ್ಮೌ ಹಳ್ಳವು ಕಾಲುವೆಯ ಮಟ್ಟಕ್ಕೇ ಬಂದು ಕೂಡುವುದರಿಂದ, ಅದು ಒಂದು ದಡದಿಂದ ಕಾಲುವೆಯೊಳಕ್ಕೆ ನುಗ್ಗಿ ಮತ್ತೊಂದು ದಡದ ಬಾಗಿಲುಗಳ ಮೂಲಕ ಹೊರಬೀಳುವಂತೆ ಏರ್ಪಡಿಸಲಾಯಿತು. ಹಳ್ಳ ಬಂದಾಗ ಬಾಗಿಲುಗಳನ್ನು ತೆರೆಯುವುದು, ಇಳಿದಾಗ ಮುಚ್ಚುವುದು. ಇನ್ನು ರೂರ್ಕಿಯ ಬಳಿಯ ಸೋಲಾನಿಯಾದರೋ ಎರಡು ಮೂರು ಮೈಲಿ ಅಗಲವಾದ ತಗ್ಗಿನ ಕಣಿವೆಯಲ್ಲಿ ಹರಿಯುತ್ತಿದ್ದುದರಿಂದ ಕಾಲುವೆಯೇ ಅದರ ಮೇಲೆ ಏರಿ ಹೋಗಬೇಕಾಯಿತು. ಕಣಿವೆಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಹೊಳೆಯ ಪಾತ್ರದ ಮೇಲೆ ತಲಾ 50 ಅಡಿಯ 15 ಕಮಾನುಗಳನ್ನು ಇಟ್ಟಿಗೆಯಿಂದ ಕಟ್ಟಿ, ಗಂಗೆಯನ್ನು ಮತ್ತೊಂದು ಹೊಳೆಯ ನೆತ್ತಿಯ ಮೇಲೆ ಹಾಯಿಸಿದರು. ಏರಿಗೆ ಬೇಕಾದ ಮಣ್ಣನ್ನು ಸಾಗಿಸುವುದಕ್ಕಾಗಿ 1851ರಲ್ಲಿ ಅಲ್ಲಿ ಹಳಿಗಳ ಮೇಲೆ ಉಗಿಯಂತ್ರವೊಂದು ಓಡಿದಾಗ, ಮುಂಬಯಿ ಠಾಣೆಗಳ ನಡುವೆ ಪ್ರಯಾಣಿಕರ ರೈಲು ಹೊರಡುವುದಕ್ಕೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲವಿತ್ತು.

ಇಂತಹ ಕೆಲಸಕ್ಕೆ ಕೈಗಳು ಬೇಕಾದಷ್ಟು ದೊರೆಯುತ್ತಿದ್ದವು. ಮಟ್ಟದ ಯಂತ್ರವನ್ನು ನೋಡಿ ಓದಬಲ್ಲ ಕಣ್ಣುಗಳು ದೊರೆಯುತ್ತಿರಲಿಲ್ಲ. ಈ ಕೊರತೆಯನ್ನು ನೀಗುವುದಕ್ಕಾಗಿ ವಾಯವ್ಯ ಪ್ರಾಂತದ ಲೆಫ್ಟಿನೆಂಟ್ ಗವರ್ನರನಾಗಿದ್ದ ಜೇಮ್ಸ್ ಥಾಮಸನ್ ಸ್ಥಾಪಿಸಿದ ಪಾಠಶಾಲೆಯ ಮೊದಲನೆಯ ಪ್ರಾಂಶುಪಾಲನು ರಾಬರ್ಟ್ ಮೆಕ್ಲಗನ್. ಅಲ್ಲಿ ಮೂರು ತರಗತಿಗಳಿದ್ದವು: ಎಂಜಿನಿಯರುಗಳಾಗತಕ್ಕ ಭಾರತೀಯ ತರುಣರಿಗೆ ಒಂದು, ಮೇಲ್ವಿಚಾರಕರಾಗತಕ್ಕ ಯೂರೋಪಿಯನ್ ಸೈನಿಕರಿಗೆ ಒಂದು, ಭೂಮಾಪನ ಮತ್ತು ನಕ್ಷೆಯ ಕೆಲಸವನ್ನು ಕಲಿಯತಕ್ಕ ದೇಶೀಯ ಹುಡುಗರಿಗೆ ಮತ್ತೊಂದು. ತರುವಾಯದ ಕಾಲದಲ್ಲಿ ಲಾಹೋರಿನ ಅನೇಕ ಭವ್ಯ ಕಟ್ಟಡಗಳನ್ನು ನಿರ್ಮಿಸಿದ ಸರ್ ಗಂಗಾರಾಮ್ ಮೊದಲಾದವರು ಇಲ್ಲಿಯ ವಿದ್ಯಾರ್ಥಿಗಳೇ. ಅಷ್ಟೇ ಅಲ್ಲದೆ, ಕಾಲುವೆಯ ನ್ಯೂನತೆಗಳೂ ಪಾಠವಾದವು. ಕಾಟ್ಲಿ ಕೊಟ್ಟ ಇಳಿಜಾರು ಅಗತ್ಯಕ್ಕಿಂತ ಹೆಚ್ಚಾಗಿದ್ದುದರಿಂದ ವೇಗವಾದ ನೀರು ಮರಳಿನ ತಳವನ್ನು ಕೊರೆಯತೊಡಗಿತು. ಗೋದಾವರಿಯ ಮೇಲೆ ಆನೆಕಟ್ಟು ಕಟ್ಟಿದ ಆರ್ಥರ್ ಕಾಟನ್ ಇದನ್ನು ತೀವ್ರವಾಗಿ ಖಂಡಿಸಿದನು. ಕಾಲುವೆಯನ್ನು ಅನೇಕ ಕಡೆ ತಿದ್ದಿ ಕಟ್ಟಬೇಕಾಯಿತು. ನೀರಿನ ವೇಗಕ್ಕೂ ಅದು ಹೊತ್ತೊಯ್ಯುವ ಹೂಳಿಗೂ ಇರುವ ಸಂಬಂಧವನ್ನು ಭಾರತದ ಎಂಜಿನಿಯರುಗಳು ಮುಂದೆ ಅಷ್ಟೊಂದು ಶ್ರದ್ಧೆಯಿಂದ ಶೋಧಿಸಿದುದಕ್ಕೆ ಇಂತಹ ಅನುಭವಗಳೇ ಪ್ರೇರಣೆ.

ಮೇಲೆ ಹರಿಯುವ ನೀರಿಗಿಂತ ಅಡಿಯಲ್ಲಿ ಜಿನುಗುವ ನೀರು ಹೆಚ್ಚು ಅಪಾಯಕರವೆಂಬುದು ಎರಡನೆಯ ಪಾಠ. ಗಂಗೆಗೆ ನರೋರಾದಲ್ಲಿ ಅಡ್ಡಲಾಗಿ ಕಟ್ಟಿದ ಒಡ್ಡು 1898ರಲ್ಲಿ ಕೆಟ್ಟಿತು. ಬಂಡೆ ಸಿಕ್ಕದ ಬಯಲಿನಲ್ಲಿ ಒಡ್ಡುಗಳನ್ನು ಮರಳಿನ ಮೇಲೆಯೇ ಕಟ್ಟಬೇಕಾಗುವುದು. ಮೇಲುಗಡೆ ನಿಂತ ನೀರು ತನ್ನ ಭಾರದಿಂದ ಮರಳಿನ ಸಂದುಗಳಲ್ಲಿ ಇಳಿದು, ಒಡ್ಡಿನ ತಳವನ್ನು ಹಾದು, ಕೆಳಗಡೆ ತಲೆಯೆತ್ತುವುದು. ಹಾಗೆ ತಲೆಯೆತ್ತುವ ಜಾಗದಲ್ಲಿ ಅದರ ಒತ್ತಡವು ಮರಳಿನ ಕಣಗಳ ತೂಕವನ್ನು ಮೀರಿದರೆ ಕಣಗಳು ಕುದಿಯುವ ಎಸರಿನಂತೆ ಎದ್ದು ನೀರಿನೊಡನೆ ಹೊರಟುಹೋಗುವುವು. ಆ ತೂತು ಹಿಂದುಹಿಂದಕ್ಕೆ ಕೊರೆಯುತ್ತ ಬಂದು, ಮೇಲಿನ ಕಟ್ಟಡವು ನೋಡುವವರಿಗೆ ಸುಭದ್ರವಾಗಿ ಕಾಣುತ್ತಿರುವಾಗಲೇ ಒಳಗೊಳಗೆ ಟೊಳ್ಳಾಗುವುದು. ನೀರು ಕಟ್ಟಡದ ತಳವನ್ನು ಅಂಟಿಕೊಂಡೇ ಹರಿಯುವುದೆಂದೂ, ಆ ಹಾದಿಯನ್ನು ಉದ್ದ ಮಾಡಿದರೆ ಸಾಕೆಂದೂ ಬ್ಲೈ ಎಂಬ ಎಂಜಿನಿಯರನು ಲೆಕ್ಕ ಹಾಕಿ ತೋರಿಸಿದ್ದನು.

ಈ ಲೆಕ್ಕವನ್ನು ತಿದ್ದಿದವರು ರೂರ್ಕಿಯಲ್ಲಿಯೇ ವ್ಯಾಸಂಗ ಮಾಡಿದ ಎ. ಎನ್. ಖೋಸ್ಲಾ. ಪಂಜಾಬಿನ ಮೇಲು ಚಿನಾಬ್ ಕಾಲುವೆಯ ಕೆಲವು ಕಟ್ಟಡಗಳು ಬ್ಲೈಯ ನಿಯಮದ ಪ್ರಕಾರವೇ ಕಟ್ಟಲ್ಪಟ್ಟಿದ್ದರೂ 1926–27ರಲ್ಲಿ ಕೆಟ್ಟಾಗ, ಅವರು ತಳದ ಕೆಳಗೆ ಕೊಳವೆಗಳನ್ನು ಇಳಿಸಿ ಅಲ್ಲಲ್ಲಿಯ ಒತ್ತಡವನ್ನು ಅಳೆಸಿದರು. ಅಳತೆಯು ನಿಯಮಕ್ಕೆ ಹೊಂದಲಿಲ್ಲ. ನೀರು ಒಂದೇ ಗೆರೆಯಲ್ಲಿ ತೆವಳದೆ, ಮರಳಿನ ಆಳದಲ್ಲಿ ಅನೇಕ ಬಾಗುಗೆರೆಗಳಾಗಿ ಹರಡಿ ಸಾಗುವುದೆಂದೂ, ಹಾದಿಯ ಉದ್ದಕ್ಕಿಂತ ಅದು ಹೊರಬೀಳುವ ತುದಿಯ ಒತ್ತಡವೇ ಮುಖ್ಯವೆಂದೂ, ಆದುದರಿಂದ ಕೆಳಗಡೆಯ ಅಂಚಿನಲ್ಲಿ ಆಳವಾದ ತಡೆಗೋಡೆಯೊಂದು ಇರಲೇಬೇಕೆಂದೂ ಸ್ಪಷ್ಟವಾಯಿತು. ಬೋಸ್ ಮತ್ತು ಟೇಲರ್ ಎಂಬವರೊಡನೆ 1936ರಲ್ಲಿ ಅವರು ಪ್ರಕಟಿಸಿದ ಈ ಸಿದ್ಧಾಂತವನ್ನು ಇಂದಿಗೂ ನಮ್ಮ ನೀರಾವರಿ ವಿದ್ಯಾರ್ಥಿಗಳೆಲ್ಲ ಖೋಸ್ಲಾ ಸಿದ್ಧಾಂತವೆಂದೇ ಅಭ್ಯಾಸ ಮಾಡುತ್ತಾರೆ. ಮುಂದೆ ಖೋಸ್ಲಾ ಅವರೇ ರೂರ್ಕಿ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದರು. 1955ರಲ್ಲಿ ಅಲ್ಲಿ ಆರಂಭವಾದ ಜಲಸಂಪತ್ತಿನ ತರಬೇತಿ ಕೇಂದ್ರಕ್ಕೆ ಏಷ್ಯಾ, ಆಫ್ರಿಕಾ ಖಂಡಗಳ ಎಂಜಿನಿಯರುಗಳೂ ಬಂದು ಕಲಿತರು.

ಮೂರನೆಯ ಪಾಠವು ನೆಲದ ಇನ್ನೂ ಆಳದಿಂದ ಬಂದಿತು. ಉತ್ತರಕ್ಕೆ ಸರಿಯುತ್ತಿರುವ ಭಾರತದ ಭೂಫಲಕವು ಏಷ್ಯಾದ ಅಡಿಗೆ ನುಗ್ಗುತ್ತಿರುವುದರಿಂದ ಹಿಮಾಲಯದ ಶಿಲೆಗಳಲ್ಲಿ ಬಿಗಿತವು ಸಂಚಯವಾಗುತ್ತಲೇ ಇರುವುದು. ಅದು ಥಟ್ಟನೆ ಸಡಿಲಿದಾಗ 1905ರ ಕಾಂಗ್ರಾ, 1950ರ ಅಸ್ಸಾಂ ಭೂಕಂಪಗಳಂತಹ ಉತ್ಪಾತಗಳು ಸಂಭವಿಸುವುವು. ಆ ಪರ್ವತದ ಬುಡದಲ್ಲಿರುವ ರೂರ್ಕಿಯಲ್ಲಿ ಪ್ರೊಫೆಸರ್ ಜೈಕೃಷ್ಣರ ಮುಂದಾಳುತನದಲ್ಲಿ 1959ರಲ್ಲಿ ಭೂಕಂಪ ಎಂಜಿನಿಯರಿಂಗಿನ ವಿಚಾರಗೋಷ್ಠಿ ನಡೆದು, ಮರುವರ್ಷವೇ ಅದಕ್ಕಾಗಿ ಪ್ರತ್ಯೇಕ ಶಾಲೆ ಸ್ಥಾಪಿತವಾಯಿತು. 1962ರಲ್ಲಿ ಭೂಕಂಪ ನಿರೋಧಕ ಕಟ್ಟಡಗಳ ಭಾರತೀಯ ಮಾನಕವು ಮೊದಲ ಬಾರಿಗೆ ಪ್ರಕಟವಾಯಿತು.

ಇಲ್ಲಿಯ ವಿದ್ವಾಂಸರು ಆಕಾಶಚುಂಬಿ ಸೌಧಗಳನ್ನಷ್ಟೇ ನೆನೆಯದೆ, ಬಡವನ ಇಟ್ಟಿಗೆ ಮನೆಯ ಕಡೆಗೆ ದೃಷ್ಟಿಯನ್ನು ತಿರುಗಿಸಿದುದು ಅತ್ಯಂತ ಪ್ರಶಂಸನೀಯವಾದ ಸಂಗತಿ. ಮನೆಯು ಭೂಕಂಪದಲ್ಲಿ ಬೀಳುವುದು ಭಾರ ಹೊರಲಾರದೆ ಅಲ್ಲ. ನೆಲವು ಪಕ್ಕಕ್ಕೆ ಜರುಗಿದಾಗ ಗೋಡೆಯು ತನ್ನ ಜಡತ್ವದಿಂದ ಹಿಂದುಳಿಯುವುದು. ತೂಕವೆಷ್ಟು ಹೆಚ್ಚೋ ಅದನ್ನು ಎಳೆಯುವ ಬಲವೂ ಅಷ್ಟು ಹೆಚ್ಚು. ಮೊದಲು ಬಾಗಿಲು ಕಿಟಕಿಗಳ ಮೂಲೆಯಲ್ಲಿ ಓರೆಬಿರುಕು ಕಾಣಿಸಿಕೊಳ್ಳುವುದು. ಆಮೇಲೆ ಎರಡು ಗೋಡೆ ಕೂಡುವ ಮೂಲೆ ಬಿಡುವುದು. ಒಂಟಿಯಾದ ಗೋಡೆಯು ಹೊರಕ್ಕೆ ಮಗುಚುವುದು. ಆಧಾರ ತಪ್ಪಿದ ಮಾಳಿಗೆಯು ಒಳಗಿದ್ದವರ ಮೇಲೆ ಬೀಳುವುದು. ಇದಕ್ಕೆ ಜೈಕೃಷ್ಣರೂ ಅವರ ಸಹೋದ್ಯೋಗಿಯಾದ ಆನಂದ ಸ್ವರೂಪ ಆರ್ಯರೂ ಪ್ರತಿಪಾದಿಸಿದ ಉಪಾಯವು ಬಹು ಸರಳವಾದದ್ದು: ಬಾಗಿಲಿನ ತಲೆಮಟ್ಟದಲ್ಲಿ, ಎಲ್ಲ ಗೋಡೆಗಳ ಮೇಲೂ ಎಲ್ಲಿಯೂ ಕಡಿಯದೆ ಸುತ್ತಿ ಬರುವಂತೆ, ಉದ್ದಕ್ಕೆ ಕಬ್ಬಿಣದ ಸರಳುಗಳನ್ನಿಟ್ಟು ಕೆಲವೇ ಅಂಗುಲ ದಪ್ಪದ ಕಾಂಕ್ರೀಟ್ ಪಟ್ಟಿಯನ್ನು ಹಾಕುವುದು, ಮೂಲೆಗಳಲ್ಲಿ ನಿಲುವಾಗಿ ಒಂದೊಂದು ಸರಳನ್ನು ನಿಲ್ಲಿಸುವುದು. ಆಗ ನಾಲ್ಕು ಗೋಡೆಗಳು ನಾಲ್ಕಾಗಿ ನಿಲ್ಲದೆ ಒಂದೇ ಪೆಟ್ಟಿಗೆಯಾಗಿ ಅಲುಗುತ್ತವೆ.

ಇದನ್ನು ಕಾಗದದ ಮೇಲೆ ಸಾಧಿಸಿ ಅವರು ತೃಪ್ತರಾಗಲಿಲ್ಲ. ರೂರ್ಕಿಯಲ್ಲಿ ರೈಲುಹಳಿಯ ಮೇಲೆ ನಿಲ್ಲಿಸಿದ ವ್ಯಾಗನ್ನಿನ ಮೇಲೆ ಪುಟ್ಟ ಇಟ್ಟಿಗೆ ಮನೆಗಳನ್ನು ಕಟ್ಟಿ, ಭಾರ ತುಂಬಿದ ಬೇರೊಂದು ವ್ಯಾಗನ್ನಿನಿಂದ ಅದಕ್ಕೆ ಢಿಕ್ಕಿ ಹೊಡೆಸುವ ಪ್ರಯೋಗಶಾಲೆಯೊಂದನ್ನು ರಚಿಸಿದರು. ಪಟ್ಟಿಯಿಲ್ಲದ ಮನೆಯು ಬಿರುಕುಬಿಟ್ಟು ಕುಸಿಯುವಂತಹ ಹೊಡೆತದಲ್ಲಿ ಪಟ್ಟಿಯುಳ್ಳ ಮನೆಯು ಗಾಯಗೊಂಡರೂ ನಿಂತುಕೊಳ್ಳುವುದು. ಯಂತ್ರದಿಂದ ಅಲುಗುವ ಕಂಪನ ವೇದಿಕೆಗಳು ಬಂದ ಮೇಲೆಯೂ ಹಳಿಯ ಮೇಲಣ ಈ ಪರೀಕ್ಷೆಯು, ಕಡಮೆ ಖರ್ಚಿನಲ್ಲಿ ನಿಜವಾದ ಇಟ್ಟಿಗೆ ಗಾರೆಗಳನ್ನೇ ಪರೀಕ್ಷಿಸಿದುದರಿಂದ, ಸ್ಮರಣೀಯವಾಗಿ ಉಳಿದಿದೆ.

ದಖ್ಖಣವು ಅಚಲವಾದ ನೆಲವೆಂದು ನಂಬಿಕೊಂಡಿದ್ದ ನಮಗೆ ಈ ಪಾಠವು ತಡವಾಗಿ ತಟ್ಟಿತು. 1967ರ ಡಿಸೆಂಬರ್ 11ರಂದು ಕೊಯ್ನಾ ಅಣೆಕಟ್ಟಿನ ಬಳಿ ಭೂಮಿ ನಡುಗಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನಡುಗಿ ಸುಮಾರು 10 ಸಾವಿರ ಜನರು ಮಡಿದರು. ಆಗಿನ ಭೂಕಂಪ ವಲಯಗಳ ನಕ್ಷೆಯಲ್ಲಿ ಕಿಲ್ಲಾರಿಯು ಅತ್ಯಂತ ಕಡಮೆ ಅಪಾಯದ ವಲಯದಲ್ಲಿತ್ತು. 2002ರಲ್ಲಿ ಆ ವಲಯವನ್ನೇ ನಕ್ಷೆಯಿಂದ ತೆಗೆದುಹಾಕಿದರು. ಜನರನ್ನು ಕೊಂದದ್ದು ಕಂಪನಕ್ಕಿಂತ ಹೆಚ್ಚಾಗಿ ಮನೆಗಳು: ಮಣ್ಣಿನ ಗಾರೆಯಲ್ಲಿ ಒರಟು ಕಲ್ಲುಗಳನ್ನಿಟ್ಟು ಕಟ್ಟಿದ ದಪ್ಪ ಗೋಡೆಗಳು, ಅವುಗಳ ಮೇಲೆ ಬಿಸಿಲನ್ನು ತಡೆಯುವುದಕ್ಕೆಂದು ಹೇರಿದ ಮಣ್ಣಿನ ಮಾಳಿಗೆಗಳು. ಗಡಿಯ ಈಚೆಗೆ ನಮ್ಮ ಬೀದರ, ಕಲಬುರಗಿಗಳ ಹಳ್ಳಿಗಳಲ್ಲಿಯೂ ಇಂತಹ ಮನೆಗಳೇ ಇವೆ. ಗೋಡೆಯ ಒಳಮೈಯಿಂದ ಹೊರಮೈಯವರೆಗೆ ಹಾಯುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಇಡದಿದ್ದರೆ ಕಲ್ಲುಗೋಡೆಯು ಎರಡು ಹೋಳಾಗಿ ಸೀಳುವುದೆಂಬುದು ಆ ವೇಳೆಗೆ ತಿಳಿದಿದ್ದ ವಿಷಯವೇ ಆಗಿತ್ತು.

ಇಂದು ರೂರ್ಕಿಯ ಸಂಶೋಧಕರು ಉತ್ತರಾಖಂಡದಲ್ಲಿ ಭೂಕಂಪದ ಮುನ್ಸೂಚನೆಯ ಬದಲು ಮುನ್ನೆಚ್ಚರಿಕೆಯನ್ನು ಸಾಧಿಸುತ್ತಿದ್ದಾರೆ. ಭೂಕಂಪವು ಎಂದು ಬರುವುದೆಂದು ಯಾರೂ ಹೇಳಲಾರರು. ಆದರೆ ಬಂದ ಮೇಲೆ ಅದರ ಅಲೆಗಳು ಎಲ್ಲೆಡೆಗೂ ಒಮ್ಮೆಗೇ ಮುಟ್ಟುವುದಿಲ್ಲ. ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದ ಪ್ರಾಥಮಿಕ ಅಲೆಯು ಮೊದಲು ಬರುವುದು, ಸುಮಾರು 3.5 ಕಿಲೋಮೀಟರ್ ವೇಗದ, ನಿಜವಾಗಿ ಹಾನಿಮಾಡುವ ಅಲೆಯು ಹಿಂದಿನಿಂದ ಬರುವುದು. ಬೆಟ್ಟದ ಊರುಗಳಲ್ಲಿ ನೆಟ್ಟ ಸಂವೇದಕಗಳು ಮೊದಲನೆಯ ಅಲೆಯನ್ನು ಗುರುತಿಸಿ ತಂತಿಯಿಲ್ಲದೆ ಸುದ್ದಿಯನ್ನು ಕಳುಹಿಸಿದರೆ, ಸುದ್ದಿಯು ಎರಡು ಅಲೆಗಳಿಗಿಂತಲೂ ಮೊದಲೇ ದೂರದ ನಗರವನ್ನು ಸೇರುವುದು. ಭೂಕಂಪದ ಕೇಂದ್ರದಿಂದ 100 ಕಿಲೋಮೀಟರ್ ದೂರದ ಊರಿಗೆ ಎರಡನೆಯ ಅಲೆಯು ಸುಮಾರು 29 ಸೆಕೆಂಡುಗಳಲ್ಲಿ ತಲಪುವುದು. ಗುರುತಿಸಿ ಲೆಕ್ಕ ಹಾಕುವುದಕ್ಕೆ 10 ಸೆಕೆಂಡು ಹಿಡಿದರೂ ಉಳಿದ 19 ಸೆಕೆಂಡುಗಳಲ್ಲಿ ಮೇಜಿನಡಿ ಸೇರಬಹುದು, ಲಿಫ್ಟನ್ನು ನಿಲ್ಲಿಸಬಹುದು. 250 ಕಿಲೋಮೀಟರ್ ದೂರದಲ್ಲಿದ್ದರೆ ಸುಮಾರು ಒಂದು ನಿಮಿಷ ದೊರೆಯುವುದು. ಕೇಂದ್ರದ ಸಮೀಪದಲ್ಲಿರುವವರಿಗೆ ಮಾತ್ರ ಇದರಿಂದ ಪ್ರಯೋಜನವಿಲ್ಲ. 2021ರ ಆಗಸ್ಟಿನಲ್ಲಿ ಈ ಎಚ್ಚರಿಕೆಯನ್ನು ಮೊಬೈಲಿಗೆ ತಲುಪಿಸುವ ಆ್ಯಪನ್ನು ಉತ್ತರಾಖಂಡದಲ್ಲಿ ಬಿಡುಗಡೆ ಮಾಡಿದರು.

ಆದರೆ ಎಚ್ಚರಿಕೆಯು ಮನುಷ್ಯನನ್ನು ಉಳಿಸೀತೇ ಹೊರತು ಮನೆಯನ್ನು ಉಳಿಸಲಾರದು. ನಡುರಾತ್ರಿಯಲ್ಲಿ ಮಲಗಿದ್ದ ಮುದುಕಿಯನ್ನಾಗಲಿ ಹಸುಗೂಸನ್ನಾಗಲಿ ಹತ್ತೊಂಬತ್ತು ಸೆಕೆಂಡುಗಳಲ್ಲಿ ಹೊರಗೆ ತರುವುದು ಎಲ್ಲರಿಗೂ ಸಾಧ್ಯವಲ್ಲ. ಮನೆಯನ್ನು ಉಳಿಸುವ ವಿದ್ಯೆ ಅರ್ಧ ಶತಮಾನದಿಂದ ಗ್ರಂಥಗಳಲ್ಲಿದೆ, ಮಾನಕಗಳಲ್ಲಿದೆ. ಆದರೆ ಹಳ್ಳಿಯ ಮನೆಗೆ ಎಂಜಿನಿಯರನು ಬರುವುದಿಲ್ಲ; ಅದನ್ನು ಕಟ್ಟುವವನು ಮೇಸ್ತ್ರಿ. ಲಿಂಟಲ್ಲನ್ನು ಬಾಗಿಲಿನ ಮೇಲೆ ಮಾತ್ರ ಹಾಕಿ ನಿಲ್ಲಿಸಬೇಕೋ, ಸುತ್ತಲೂ ಒಯ್ಯಬೇಕೋ ಎಂಬುದು ನಿರ್ಧಾರವಾಗುವುದು ಮನೆಯ ಯಜಮಾನನೂ ಅವನೂ ಸರಳು ಸಿಮೆಂಟಿನ ಲೆಕ್ಕ ಹಾಕುವ ಅರ್ಧ ಗಂಟೆಯಲ್ಲಿ. 1847ರಲ್ಲಿ ಎಂಜಿನಿಯರುಗಳ ತರಗತಿಯೊಂದಿಗೇ ಭೂಮಾಪಕರ, ನಕ್ಷೆಗಾರರ ತರಗತಿಯನ್ನೂ ತೆರೆದ ಆ ಪಾಠಶಾಲೆಯ ದೂರದೃಷ್ಟಿಯು ಇಲ್ಲಿ ನಮಗೆ ಮಾರ್ಗದರ್ಶಕವಾಗಬೇಕು. ಎಂಜಿನಿಯರಿಂಗ್ ವಿದ್ಯಾಪೀಠವು ಕೊಡುವ ಪದವಿಗಳ ಸಂಖ್ಯೆಯಿಂದ ಅದರ ಹಿರಿಮೆಯನ್ನು ಅಳೆಯುವುದು ಸುಲಭ. ಅದರ ವಿದ್ಯೆಯು ಮೇಸ್ತ್ರಿಯ ಕೈಗೆ ಅವನ ಭಾಷೆಯಲ್ಲಿ ಎಷ್ಟರಮಟ್ಟಿಗೆ ಮುಟ್ಟಿದೆ ಎಂಬುದರಿಂದ ಅಳೆಯುವುದು ಕಷ್ಟವಾದರೂ ನ್ಯಾಯವಾದದ್ದು. ಈ ಅಳತೆಯಲ್ಲಿ ರೂರ್ಕಿಗೂ, ನಮ್ಮ ನಾಡಿನ ಎಂಜಿನಿಯರಿಂಗ್ ಕಾಲೇಜುಗಳಿಗೂ ಮಾಡತಕ್ಕ ಕೆಲಸ ಇನ್ನೂ ಬಹಳವಿದೆ.