ಶೂಟರ್ ಗೇಮ್‌ನಲ್ಲಿ ಅರುವತ್ತರ ಹರೆಯದ 'ಉಮ್ಮ'

ಶೂಟರ್ ಗೇಮ್ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಗನ್ ಹಿಡಿದ ಗಂಡಸು. ಹೆಣ್ಣಿದ್ದರೂ ಹೆಚ್ಚಾಗಿ ಮೈಗಂಟಿದ ಉಡುಪಿನ ಹುಡುಗಿ. ಈ ಅಚ್ಚಿಗೆ ಹೊರತಾದ ಒಂದು ಪಾತ್ರ ಅಮೆರಿಕದ ಬ್ಲಿಝಾರ್ಡ್ ಕಂಪೆನಿಯ 'ಓವರ್‌ವಾಚ್' ಗೇಮ್‌ನಲ್ಲಿದೆ. ಹೆಸರು ಅನಾ ಅಮಾರಿ.

2016ರ ಮೇ ತಿಂಗಳಲ್ಲಿ 21 ಹೀರೋಗಳೊಂದಿಗೆ ಈ ಗೇಮ್ ಬಿಡುಗಡೆಯಾಯಿತು. ಆ ಬಳಿಕ ಮೊದಲು ಸೇರಿದವಳು ಅನಾ, ಅದೇ ಜುಲೈಯಲ್ಲಿ. ಈಜಿಪ್ಟಿನ ಮಾಜಿ ಸೈನಿಕೆ, ವಯಸ್ಸು 60, ತಲೆ ಮುಚ್ಚುವ ಉದ್ದದ ಕೋಟು, ಒಂದು ಕಣ್ಣಿಗೆ ಪಟ್ಟಿ. ಇನ್ನೊಬ್ಬ ಹೀರೋ ಫರಾ ಈಕೆಯ ಮಗಳು. ನಮ್ಮ ಮಾತಲ್ಲಿ ಹೇಳುವುದಾದರೆ, ಗನ್ ಹಿಡಿದ ಒಬ್ಬ ಉಮ್ಮ.

ಕಥೆಯ ಪ್ರಕಾರ ಅನಾಳ ಕಣ್ಣು ಹೋದದ್ದು ವಿಡೋಮೇಕರ್ ಎಂಬ ಇನ್ನೊಬ್ಬ ಸ್ನೈಪರ್‌ನ ಗುಂಡಿನಿಂದ. ಇಬ್ಬರೂ ಮಹಿಳೆಯರು, ಇಬ್ಬರದ್ದೂ ಒಂದೇ ಕೆಲಸ. ಆದರೆ ವಿಡೋಮೇಕರ್‌ಗೆ ಕೊಟ್ಟದ್ದು ಎದೆ ತೆರೆದ ಬಿಗಿ ಸೂಟ್. ದೂರದಲ್ಲಿ ಅಡಗಿ ಕೂತು ಗುಂಡು ಹೊಡೆಯುವವಳಿಗೆ ಅದು ಯಾಕೆ ಬೇಕು ಅಂತ ಕೇಳಿದರೆ ಉತ್ತರವಿಲ್ಲ. ಅನಾಳ ಕೋಟು ಹಾಗಲ್ಲ, ನೋಡಿದ ಕೂಡಲೇ ಅವಳ ಕೆಲಸ, ವಯಸ್ಸು, ಊರು ಗೊತ್ತಾಗುತ್ತದೆ.

ಈ ಬಗೆಯ ಗೇಮ್‌ಗಳಲ್ಲಿ ಎದುರು ಬಂದದ್ದು ಯಾರು ಅಂತ ಅರೆ ಕ್ಷಣದಲ್ಲಿ ತಿಳಿಯಬೇಕು. ಹಾಗಾಗಿ ಪ್ರತಿ ಹೀರೋಗೂ ನೆರಳಿನಲ್ಲೇ ಗುರುತು ಸಿಗುವ ಆಕಾರ ಬೇಕು. ಎಲ್ಲ ಹೆಣ್ಣುಗಳಿಗೂ ಒಂದೇ ತೆಳ್ಳಗಿನ ಮೈ ಕೊಟ್ಟರೆ ಆಟವೇ ಕೆಡುತ್ತದೆ. ಇಲ್ಲಿರುವ ರಷ್ಯಾದ ಝಾರ್ಯಾ ಅಗಲ ಭುಜದ ವೇಟ್‌ಲಿಫ್ಟರ್ ಆಗಿರುವುದು ಈ ದೃಷ್ಟಿಯಿಂದಲೂ ಸರಿ.

ಇನ್ನೊಂದು ತಮಾಷೆ ಇದೆ. ಇದು ಫಸ್ಟ್ ಪರ್ಸನ್ ಶೂಟರ್. ಆಡುವವರಿಗೆ ತಮ್ಮ ಹೀರೋನ ಮೈ ಹೆಚ್ಚಾಗಿ ಕಾಣುವುದೇ ಇಲ್ಲ, ಕೈ ಮತ್ತು ಗನ್ ಮಾತ್ರ. ಹಾಗಾದರೆ ಆ ಮೈಯನ್ನು ಚೆಂದ ಮಾಡುವುದು ಯಾರಿಗಾಗಿ? ಆಡುವವರ ಜೊತೆ ಉಳಿಯುವುದು ಧ್ವನಿ ಮತ್ತು ಆಯುಧ. ಅನಾಳ ರೈಫಲ್ ಶತ್ರುವಿಗೆ ತಾಗಿದರೆ ಗಾಯ, ಗೆಳೆಯನಿಗೆ ತಾಗಿದರೆ ಚಿಕಿತ್ಸೆ. ಮದ್ದು ಕೊಡಲಿಕ್ಕೂ ಸರಿಯಾಗಿ ಗುರಿ ಇಡಲೇಬೇಕು. ಈ ಒಂದು ಉಪಾಯ ಅವಳ ಸ್ವಭಾವವನ್ನು ಹತ್ತು ಪುಟದ ಕಥೆಗಿಂತ ಚೆನ್ನಾಗಿ ಹೇಳುತ್ತದೆ.

ಕಂಪೆನಿ ಎಲ್ಲವನ್ನೂ ತಾನಾಗಿ ಸರಿ ಮಾಡಿತು ಅಂತ ಅಲ್ಲ. ಬಿಡುಗಡೆಗೆ ಮೊದಲೇ, 2016ರ ಮಾರ್ಚ್‌ನಲ್ಲಿ, ಟ್ರೇಸರ್ ಎಂಬ ಚುರುಕು ಹುಡುಗಿಯ ಗೆಲುವಿನ ಭಂಗಿ ಅವಳ ಸ್ವಭಾವಕ್ಕೆ ಒಗ್ಗುವುದಿಲ್ಲ, ಬರೀ ಹಿಂಭಾಗ ತೋರಿಸಲಿಕ್ಕಿದೆ ಅಂತ ಆಟಗಾರರೊಬ್ಬರು ಬರೆದರು. ಗೇಮ್‌ನ ಮುಖ್ಯಸ್ಥ ಜೆಫ್ ಕಪ್ಲಾನ್ ಒಪ್ಪಿ ಅದನ್ನು ತೆಗೆದರು. ಇದಕ್ಕೆ ದೊಡ್ಡ ಗಲಾಟೆಯೂ ಆಯಿತು.

ಆದರೂ 2017ರ ಬೇಸಿಗೆಯಲ್ಲಿ ವಿಡೋಮೇಕರ್‌ಗೆ ಈಜುಡುಗೆ ಬಂತು. ಅದು ಸಿಗುತ್ತಿದ್ದದ್ದು ಲೂಟ್ ಬಾಕ್ಸ್‌ಗಳಲ್ಲಿ. ಆಡಿ ಗಳಿಸಬಹುದಿತ್ತು, ದುಡ್ಡು ಕೊಟ್ಟೂ ಖರೀದಿಸಬಹುದಿತ್ತು. ಅದನ್ನು ಹಾಕಿದರೆ ಗುರಿ ಒಂದಿಂಚೂ ಸುಧಾರಿಸುತ್ತಿರಲಿಲ್ಲ.