ಸೋಫಿ ಅಜ್ಜಿ ಕಲಿಸುವ ಪ್ರೀತಿ



ಜಪಾನಿನ 'ಅನಿಮೆ' ಎಂದರೆ ಬರೀ ಹೊಡೆದಾಟ ಎಂದುಕೊಂಡಿದ್ದೆ. ಮೊಮ್ಮಗಳು ಪಕ್ಕದಲ್ಲಿ ಕೂರಿಸಿಕೊಂಡು 'ಹೌಲ್ಸ್ ಮೂವಿಂಗ್ ಕ್ಯಾಸಲ್' ತೋರಿಸಿದ ಮೇಲೆ ಅಭಿಪ್ರಾಯ ಬದಲಾಯಿತು. ಬ್ರಿಟಿಷ್ ಲೇಖಕಿ ಡಯಾನಾ ವಿನ್ ಜೋನ್ಸ್ ಅವರ 1986ರ ಕಾದಂಬರಿಯನ್ನು ಆಧರಿಸಿ ಹಯಾವೊ ಮಿಯಾಜಾಕಿ ನಿರ್ದೇಶಿಸಿದ ಈ ಚಿತ್ರ 2004ರಲ್ಲಿ ತೆರೆಕಂಡಿತು.

ಟೋಪಿ ಅಂಗಡಿಯ ಹುಡುಗಿ ಸೋಫಿ ಮಾಟಗಾತಿಯ ಶಾಪದಿಂದ ತೊಂಬತ್ತರ ಮುದುಕಿಯಾಗುತ್ತಾಳೆ. ಮನೆ ಬಿಟ್ಟು, ಮಾಂತ್ರಿಕ ಹೌಲ್‌ನ ನಡೆದಾಡುವ ಕೋಟೆಯಲ್ಲಿ ಕಸ ಗುಡಿಸಲು ನಿಲ್ಲುತ್ತಾಳೆ. ಹೌಲ್ ಚೆಲುವ, ಆದರೆ ಹೊಣೆ ಎಂದರೆ ಓಡಿಹೋಗುವವ. ಕಾರಣವಿದೆ. ಬಾಲ್ಯದಲ್ಲೇ ತನ್ನ ಹೃದಯವನ್ನು ಬೆಂಕಿಭೂತ ಕ್ಯಾಲ್ಸಿಫರ್‌ಗೆ ಕೊಟ್ಟುಬಿಟ್ಟಿದ್ದಾನೆ.

ಇಲ್ಲಿ ಮಾಯೆ ಅಲಂಕಾರಕ್ಕಲ್ಲ, ಮನಸ್ಸನ್ನು ಕಣ್ಣಿಗೆ ಕಾಣಿಸುವ ಉಪಾಯ. ಹೌಲ್‌ನ ಪರವಾಗಿ ಸೋಫಿ ಧೈರ್ಯದಿಂದ ಮಾತಾಡಿದಾಗ ಮುಖದ ಸುಕ್ಕು ಮಾಯವಾಗುತ್ತದೆ; ತಾನು ಚೆಲುವೆಯಲ್ಲ ಎಂದು ಹಿಂಜರಿದೊಡನೆ ಮತ್ತೆ ಮುಪ್ಪು.

ನನ್ನನ್ನು ತಟ್ಟಿದ್ದು ಇನ್ನೊಂದು ಸಂಗತಿ. ಶಾಪ ಕೊಟ್ಟ ಮಾಟಗಾತಿಯೇ ಶಕ್ತಿ ಕಳೆದುಕೊಂಡು ಅರಳುಮರಳಾದಾಗ, ಸೋಫಿ ಅವಳನ್ನು ಮನೆಗೆ ತಂದು ಉಣಿಸುತ್ತಾಳೆ. ಕೊನೆಗೆ ಹೌಲ್‌ನ ಹೃದಯ ಆ ಮುದುಕಿಯ ಕೈಗೇ ಸಿಗುತ್ತದೆ. ಸೋಫಿ ಕಿತ್ತುಕೊಳ್ಳುವುದಿಲ್ಲ, ಅಪ್ಪಿಕೊಂಡು ಬೇಡುತ್ತಾಳೆ. ಮುದುಕಿ ಕೊಡುತ್ತಾಳೆ. ಹೃದಯ ಮರಳಿ ಬಂದ ಹೌಲ್ ಎಚ್ಚೆತ್ತಾಗ ಅವನಿಗೆ ಎದೆ ಭಾರವೆನಿಸುತ್ತದೆ. ಪ್ರೀತಿಸಿದವರಿಗೆ ಆ ಭಾರ ತಪ್ಪಿದ್ದಲ್ಲ.

ಮನೆಯಲ್ಲಿ ಮರೆವಿನ ಹಿರಿಯರನ್ನು ನೋಡಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಡುವಾದಾಗ ಮೊಮ್ಮಕ್ಕಳೊಂದಿಗೆ ಕುಳಿತು ನೋಡಿ. ಭಾಷೆ ತಿಳಿಯದ ಕಡೆ ಕೇಳಿ, ಅವರೇ ಹೇಳುತ್ತಾರೆ.

– ಕಾರ್ಯದರ್ಶಿ